ಫ್ರೀ ಎಐ ವಿಡಿಯೋ ಟೂಲ್, ಶಿರಸಿ ಮಳೇಲಿ ಕೂತು ನೋಡಿದ್ದು

ಶಿರಸೀಲಿ ಜುಲೈ ಮಳೆ ಹಿಡೀತು ಅಂದ್ರೆ ಕ್ಯಾಮರಾ ಹೊರಗೆ ತೆಗೆಯೋ ಮಾತೇ ಇಲ್ಲ, ಹಂಗಾಗಿ ರೀಲ್ಸ್‌ಗೆ ಅಂತ ಫ್ರೀ ಎಐ ಟೂಲ್‌ಗಳನ್ನ ಹಿಡ್ಕೊಂಡು ಕೂತೆ.

ರನ್‌ವೇ ಅನ್ನೋ ಟೂಲ್‌ನ ಫ್ರೀ ಅಕೌಂಟಿಗೆ 125 ಕ್ರೆಡಿಟ್ (ವಿಡಿಯೋ ಮಾಡಿದ ಹಂಗೆ ಖರ್ಚಾಗೋ ಪಾಯಿಂಟ್), ಅದೂ ಒಂದೇ ಸಲ, ಹಾಗಾಗಿ ನೋಡ್ಕೊಂಡು ಖರ್ಚು ಮಾಡ್ಬೇಕು. ಗೂಗಲ್‌ನ ವಿಯೋ 3 ವಿಡಿಯೋ ಜೊತೆ ಸೌಂಡೂ ಮಾಡತ್ತೆ.

ಇನ್ನೊಂದು ಟೂಲ್, ಹೆಸರು ಬೇಡ ಬಿಡಿ, ಅದ್ರಲ್ಲಿ "ಅಡಿಕೆ ತೋಟದಲ್ಲಿ ಕೊನೆ ಕೊಯ್ಲು" ಅಂತ ಬರೆದ್ರೆ ತೆಂಗಿನ ಮರ, ಹಿಂದ್ಗಡೆ ಸಮುದ್ರ! ಆಯಿ ನೋಡಿ ಬಿದ್ದೂ ಬಿದ್ದೂ ನಕ್ಳು. ಯಕ್ಷಗಾನ ವೇಷ ಕೇಳಿದ್ರೆ ಎರಡು ಸುತ್ತು ತಿರುಗೋದ್ರೊಳಗೆ ಕಿರೀಟ ಕರಗಿ ತಲೆಗೂದಲಾಯ್ತು, ಮೂಲೇಲಿ ವಾಟರ್‌ಮಾರ್ಕ್ ಬೇರೆ. ಆಮೇಲೆ ನಮ್ಮ ತೋಟದ್ದೇ ಫೋಟೋ ಹಾಕಿ ಬರೀ ಮಂಜು ಸರಿಯೋ ಹಂಗೆ ಮಾಡು ಅಂದೆ, ಅದು ಮಾತ್ರ ಚಲೋ ಬಂತು ಮಾರಾಯ್ರೆ.

ನಂಗೆ ಹಿಡಿಸಿದ್ದು ಅಲಿಬಾಬಾದ ವ್ಯಾನ್ 2.1. 2025ರಲ್ಲಿ ಓಪನ್ ಸೋರ್ಸ್ ಆಗಿದ್ದು, ಅಂದ್ರೆ ಯಾರು ಬೇಕಾದ್ರೂ ಫ್ರೀಯಾಗಿ ಇಳಿಸ್ಕೊಂಡು ಬಳಸ್ಬಹುದು, ಅದ್ರ ಸಣ್ಣ ಮಾಡೆಲ್‌ಗೆ ಸುಮಾರು 8 ಜಿಬಿ ಗ್ರಾಫಿಕ್ಸ್ ಮೆಮೊರಿ ಸಾಕು, ಕ್ರೆಡಿಟ್ ಲೆಕ್ಕ ಇಲ್ಲ, 480ಪಿ ಕ್ಲಿಪ್ ನಮ್ಮ ಕಂಪ್ಯೂಟರಲ್ಲೇ ಆಗತ್ತೆ. ಕರೆಂಟ್ ಇದ್ರೆ.