ಸಾಫ್ಟ್‌ಬಾಲ್ ಸ್ಕೋರ್ ಪುಸ್ತಕ: ತಗೊಳ್ಳಿ, ಆದರೆ ಕೊನೆಯ ಪುಟ ತಿದ್ದಿಕೊಳ್ಳಿ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಆಟದ ಸಾಮಾನಿನ ಅಂಗಡಿಯೊಂದರಲ್ಲಿ ಈ ಸ್ಕೋರ್ ಪುಸ್ತಕ ತಗೊಂಡೆ. 140 ರೂಪಾಯಿ. ಮಗಳು ಸ್ಕೂಲ್ ಟೀಮಿನಲ್ಲಿ ಸಾಫ್ಟ್‌ಬಾಲ್ ಆಡುತ್ತಾಳೆ, ಸ್ಕೋರ್ ಬರೆಯುವ ಕೆಲಸ ನನ್ನದು. ಬ್ಯಾಟಿಂಗ್ ಲೆಕ್ಕ ಬೇಸ್‌ಬಾಲ್‌ನದ್ದೇ ಆದ್ದರಿಂದ ಎರಡು ಆಟಕ್ಕೂ ಇದು ಆಗುತ್ತದೆ.

ಪುಸ್ತಕ ಚೆನ್ನಾಗಿದೆ. ಪ್ರತಿ ಚೌಕದಲ್ಲೂ ಪುಟ್ಟ ಡೈಮಂಡ್, ಅಂದರೆ ಓಡಿ ಮುಟ್ಟಬೇಕಾದ ನಾಲ್ಕು ಬೇಸ್‌ಗಳ ಚಿತ್ರ, ಅಚ್ಚಾಗಿದೆ. ಹುಡುಗಿ ಯಾವ ಬೇಸ್ ಮುಟ್ಟಿದಳೋ ಅಲ್ಲಿವರೆಗೆ ಗೆರೆ ಎಳೆದರೆ ಆಯಿತು. ಹಾಳೆ ದಪ್ಪ. ಬೆವರಿದ ಕೈಯಲ್ಲಿ ಒತ್ತಿ ಬರೆದರೂ ಇಂಕು ಹಿಂದಕ್ಕೆ ಇಳಿಯಲಿಲ್ಲ.

ತೊಂದರೆ ಇರುವುದು ಕೊನೆಯ ಪುಟದಲ್ಲಿ. ಬ್ಯಾಟಿಂಗ್ ಸರಾಸರಿಗೆ ‘ಒಟ್ಟು ಹಿಟ್‌ಗಳನ್ನು ಬ್ಯಾಟಿಗೆ ಬಂದ ಒಟ್ಟು ಸಲದಿಂದ ಭಾಗಿಸಿ’ ಎಂದು ಅಚ್ಚು ಹಾಕಿದ್ದಾರೆ. ಇದು ತಪ್ಪು. (ಬಾಲ್ ಹೊಡೆದು ಔಟಾಗದೆ ಬೇಸ್ ಮುಟ್ಟಿದರೆ ಅದು ಹಿಟ್.) ಮಗಳು ಐದು ಮ್ಯಾಚಿನಲ್ಲಿ 20 ಸಲ ಬ್ಯಾಟಿಗೆ ಬಂದು 6 ಹಿಟ್ ಹೊಡೆದಿದ್ದಳು. ನಾನು ಅವರು ಹೇಳಿದಂತೆಯೇ ಮಾಡಿ 0.300 ಎಂದು ಬರೆದುಬಿಟ್ಟೆ. ರಾತ್ರಿ ಅವಳು ಮುದ್ದೆ ಮುಟ್ಟಲಿಲ್ಲ. “ಅಮ್ಮಾ, ಹೋದ ವರ್ಷಕ್ಕಿಂತ ಕಮ್ಮಿ ಆಯ್ತಲ್ವಾ?” ಅಂದಳು. ನನಗೆ ತಡೆಯಲಾಗಲಿಲ್ಲ. ಪುಸ್ತಕ ತೆಗೆದು ಒಂದೊಂದೇ ಚೌಕ ನೋಡಿದೆ.

ಆ 20ರಲ್ಲಿ 4 ವಾಕ್. ಪಿಚರ್ ನಾಲ್ಕು ಸಲ ಬಾಲನ್ನು ಆಚೀಚೆ ಎಸೆದರೆ ಬ್ಯಾಟರ್ ಮೊದಲ ಬೇಸಿಗೆ ಸುಮ್ನೆ ನಡೆದುಹೋಗಬಹುದು, ಅದೇ ವಾಕ್. ಇನ್ನೊಂದು ಸ್ಯಾಕ್ರಿಫೈಸ್ ಫ್ಲೈ. ಇವಳು ಕ್ಯಾಚ್ ಕೊಟ್ಟು ಔಟಾದಳು, ಆದರೆ ಮೂರನೇ ಬೇಸಿನಲ್ಲಿದ್ದವಳು ಓಡಿ ಬಂದು ರನ್ ಮಾಡಿದಳು. ಸರಾಸರಿಗೆ ಭಾಗಿಸಬೇಕಾದದ್ದು ‘ಅಟ್ ಬ್ಯಾಟ್’‌ನಿಂದ, ಈ ಐದೂ ಆ ಲೆಕ್ಕಕ್ಕೆ ಸೇರುವುದಿಲ್ಲ. ಬಾಲ್ ಮೈಗೆ ಬಡಿದು ಬೇಸ್ ಸಿಕ್ಕರೂ, ಸ್ಯಾಕ್ರಿಫೈಸ್ ಬಂಟ್ (ಮೆಲ್ಲಗೆ ಬಾಲ್ ತಟ್ಟಿ, ತಾನು ಔಟಾಗಿ ಜೊತೆಯವಳನ್ನು ಮುಂದಿನ ಬೇಸಿಗೆ ಕಳಿಸುವುದು) ಆದರೂ ಹಾಗೇ. ಉಳಿದದ್ದು 15. ಆರನ್ನು ಹದಿನೈದರಿಂದ ಭಾಗಿಸಿದರೆ 0.400!

ಎಷ್ಟು ದೊಡ್ಡ ವ್ಯತ್ಯಾಸ ನೋಡಿ. 1941ರಲ್ಲಿ ಅಮೆರಿಕದ ಬೇಸ್‌ಬಾಲ್ ತಂಡ ಬಾಸ್ಟನ್ ರೆಡ್ ಸಾಕ್ಸ್‌ನ ಟೆಡ್ ವಿಲಿಯಮ್ಸ್ 456 ಅಟ್ ಬ್ಯಾಟ್‌ಗೆ 185 ಹಿಟ್ ಹೊಡೆದರು, ಸರಾಸರಿ 0.406. ಆ ವರ್ಷ ಅವರಿಗೆ 140ಕ್ಕೂ ಜಾಸ್ತಿ ವಾಕ್ ಸಿಕ್ಕಿದ್ದವು. ಈ ಪುಸ್ತಕದ ಲೆಕ್ಕ ಹಿಡಿದರೆ ಅವರದ್ದೂ 0.305 ಆಸುಪಾಸಿಗೆ ಇಳಿದುಬಿಡುತ್ತದೆ.

ಆನ್-ಬೇಸ್ ಪರ್ಸೆಂಟೇಜ್‌ಗೆ, ಸ್ಲಗಿಂಗ್‌ಗೆ ಕಾಲಂ ಇದೆ, ಹೇಗೆ ಲೆಕ್ಕ ಹಾಕಬೇಕೆಂದು ಬರೆದಿಲ್ಲ. ಆನ್-ಬೇಸ್‌ನಲ್ಲಿ ವಾಕ್‌ಗೂ ಬೆಲೆ ಉಂಟು. 6 ಹಿಟ್, 4 ವಾಕ್ ಸೇರಿ 10. ಕೆಳಗೆ 15 ಅಟ್ ಬ್ಯಾಟ್, 4 ವಾಕ್, 1 ಸ್ಯಾಕ್ರಿಫೈಸ್ ಫ್ಲೈ ಸೇರಿ 20. ಅಂದರೆ 0.500, ಅರ್ಧಕ್ಕರ್ಧ ಸಲ ಅವಳು ಬೇಸ್ ಮುಟ್ಟಿದ್ದಾಳೆ. ಸ್ಲಗಿಂಗ್‌ಗೆ ಹಿಟ್‌ನಲ್ಲಿ ಸಿಕ್ಕ ಬೇಸ್‌ಗಳನ್ನು ಎಣಿಸಬೇಕು: ಸಿಂಗಲ್‌ಗೆ ಒಂದು, ಡಬಲ್‌ಗೆ ಎರಡು, ಟ್ರಿಪಲ್‌ಗೆ ಮೂರು. 3 ಸಿಂಗಲ್, 2 ಡಬಲ್, 1 ಟ್ರಿಪಲ್ ಸೇರಿ 10 ಬೇಸ್. ಅದನ್ನು 15ರಿಂದ ಭಾಗಿಸಿದರೆ 0.667.

ಅಂಗಡಿಯವರಿಗೆ ತೋರಿಸಿದೆ. “ಹೌದಾ ಮೇಡಂ? ಅಚ್ಚು ಹಾಕಿದವರಿಗೆ ಹೇಳ್ತೀನಿ” ಅಂದರು. ಅಲ್ಲಿವರೆಗೆ ಕೊನೆಯ ಪುಟದ ಮೇಲೆ ಸರಿಯಾದ ಲೆಕ್ಕ ಬರೆದು ಅಂಟಿಸಿಕೊಂಡಿದ್ದೇನೆ. ಮಗಳ ಹೆಸರಿನ ಮುಂದಿದ್ದ 0.300 ಹೊಡೆದುಹಾಕಿ 0.400 ಎಂದು ಅವಳ ಕೈಯಿಂದಲೇ ಬರೆಸಿದೆ.