ಕೂಸಿನ ಕನ್ನಡಿ ಚಲೋ ಇದೆ, ಡಬ್ಬದ ಮೇಲಿನ ಮಾತು ನಂಬಬೇಡಿ

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಆಟಿಕೆ ಅಂಗಡಿಯೊಂದರಲ್ಲಿ ಮೊಮ್ಮಗಳಿಗೆ ಅಂತ ಈ ಅಕ್ರಿಲಿಕ್ ಕನ್ನಡಿ ತಂದೆ. 1,400 ರೂಪಾಯಿ ಹೇಳಿದರು, ಚೌಕಾಸಿ ಮಾಡಿ 1,250ಕ್ಕೆ ಇಳಿಸಿದೆ. ಗಾಜಲ್ಲ, ಬಿದ್ದರೂ ಚೂರಾಗುವ ಭಯವಿಲ್ಲ. ಅಂಚು ನುಣುಪಾಗಿದೆ. ಮೂಲೆಯಲ್ಲಿ ಮುಖ ಸ್ವಲ್ಪ ಡೊಂಕಾಗಿ ಕಾಣುತ್ತದೆ. ಕೂಸಿಗೆ ಅದೇ ಮಜಾ.

ನನ್ನ ತಕರಾರು ಡಬ್ಬದ ಬಗ್ಗೆ. 'ಆರು ತಿಂಗಳಲ್ಲೇ ಮಗು ತನ್ನನ್ನು ಗುರುತಿಸುತ್ತದೆ' ಅಂತ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಆ ವಯಸ್ಸಿನ ಕೂಸು ಕನ್ನಡಿ ನೋಡಿ ನಗುತ್ತದೆ, ನಿಜ. ಆದರೆ ಅದು ತಾನೇ ಅಂತ ಅದಕ್ಕೆಲ್ಲಿ ಗೊತ್ತು? 1972ರಲ್ಲಿ ಬ್ಯೂಲಾ ಆಮ್‌ಸ್ಟರ್‌ಡ್ಯಾಮ್ ಎಂಬ ಸಂಶೋಧಕಿ ಮಕ್ಕಳ ಮೂಗಿಗೆ ಕೆಂಪು ಬಣ್ಣ ಹಚ್ಚಿ ಕನ್ನಡಿ ಮುಂದೆ ಬಿಟ್ಟು ನೋಡಿದರು. ಕನ್ನಡಿ ನೋಡಿ ಸ್ವಂತ ಮೂಗು ಮುಟ್ಟಿಕೊಳ್ಳುವುದು ಹೆಚ್ಚಿನ ಮಕ್ಕಳಲ್ಲಿ ಒಂದೂವರೆ ವರ್ಷದಿಂದ ಎರಡರೊಳಗೆ ಶುರುವಾಗುತ್ತದೆ.

ನಾನೂ ಕುಂಕುಮ ಹಿಡಿದು ಕೂತೆ. "ಅತ್ತೀ, ಈಗಿಂದನ ಪರೀಕ್ಷಾ ಏನ್ರೀ?" ಅಂತ ಸೊಸೆ ನಕ್ಕಳು. ಕೆನ್ನೆಗೆ ಹಚ್ಚಿದರೆ ಉಪಯೋಗವಿಲ್ಲ, ಅಲ್ಲಿ ದಿನಾ ದೃಷ್ಟಿಬೊಟ್ಟು ಇರುತ್ತದೆ, ಇವಳು ಅದರ ಕಡೆ ನೋಡುವುದೂ ಇಲ್ಲ. ಮೂಗೇ ಸರಿ. ಮುಖ ಒರೆಸುವ ನೆಪದಲ್ಲಿ ಹಚ್ಚಿದೆ. ಯುಗಾದಿ ಹೊತ್ತಿಗೆ ಕನ್ನಡಿಯನ್ನು ಪಟಪಟ ಬಡಿದು, ಹಿಂದೆ ಯಾರಿದ್ದಾರೆ ಅಂತ ಇಣುಕಿ ಬಂದಳು. ದಸರಾ ಹೊತ್ತಿಗೆ ಕಥೆಯೇ ಬೇರೆ. ಕನ್ನಡಿ ನೋಡಿದಳು, ಮೂಗು ಮುಟ್ಟಿದಳು, ಕೆಂಪಾದ ಬೆರಳು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಈ ನಾಚಿಕೆಯೂ ಸುಮಾರು ಅದೇ ಹೊತ್ತಿಗೆ ಬರುತ್ತದಂತೆ. ಬೇರೆಯವರ ಕಣ್ಣಿಗೆ ನಾನು ಬಿದ್ದಿದ್ದೇನೆ ಅಂತ ತಿಳಿಯದೆ ನಾಚಿಕೆ ಹೇಗೆ ಬಂದೀತು, ಅಲ್ವಾ?

ಎಲ್ಲ ಮಕ್ಕಳಿಗೂ ಒಂದೇ ತಿಂಗಳು ಅಂತಿಲ್ಲ. ಮೂಗಿಗೆ ಏನಾದರೂ ಅಂಟಿದ್ದರೆ ಅಂಟಿರಲಿ ಅನ್ನುವ ಕೂಸುಗಳೂ ಇರುತ್ತವೆ. ಪಕ್ಕದ ಮನೆಯ ಕೂಸು ಮಾಡಿತು, ನಮ್ಮದು ಮಾಡಲಿಲ್ಲ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಕನ್ನಡಿ ತಂದ ಮಾತ್ರಕ್ಕೆ ಬುದ್ಧಿ ಬೇಗ ಬಲಿಯುವುದೂ ಇಲ್ಲ. ಆಟಕ್ಕೆ ಅಂತಲೇ ತಗೊಳ್ಳಿ.

ಜೊತೆಗೆ ಕೊಡುವ ಟೇಪು ಮಳೆಗಾಲದಲ್ಲಿ ಕಿತ್ತು ಬಂತು. ಬಡಗಿಯನ್ನು ಕರೆಸಿ ಸ್ಕ್ರೂ ಹೊಡೆಸಿ, ಕೂಸು ಕೂತರೆ ಮುಖ ಕಾಣುವ ಎತ್ತರಕ್ಕೆ. ಪೇಪರಿನಿಂದ ಒರೆಸಿದರೆ ಗೀರು ಬೀಳುತ್ತದೆ, ಮೆತ್ತನೆಯ ಒದ್ದೆ ಬಟ್ಟೆ ಸಾಕು. ಐದಕ್ಕೆ ಮೂರೂವರೆ ಕೊಡುತ್ತೇನೆ. ಮನೆಗೆ ಬೇರೆ ಮಕ್ಕಳು ಬಂದು ಹೋಗುತ್ತಿದ್ದರೆ ದೊಡ್ಡ ಸೈಜೇ ತಗೊಳ್ಳಿ. ನಮ್ಮವಳು ಈಗ "ನಂದು, ನಂದು" ಅಂತ ಎಲ್ಲರನ್ನೂ ತಳ್ಳುತ್ತಾಳೆ.