ಬೋರ್ಡಿಂಗ್ ಗುಂಪು: ತೊಡದೇವಿನ ಡಬ್ಬ ಹಿಡಿದು ನಾನು ಹತ್ತಿ ನೋಡಿದ ದಾರಿಗಳು

ಮಗಳು ಕ್ಯಾಲಿಫೋರ್ನಿಯಾಕ್ಕೆ ಹೋದ ಮೇಲೆ, ಶಿರಸಿಯಲ್ಲಿರುವ ನಾನೂ ವಿಮಾನದ ಲೆಕ್ಕ ಕಲಿಯಬೇಕಾಯಿತು. ಅವಳಿಗೆ ಮನೆಯ ತೊಡದೇವು ಬೇಕೇ ಬೇಕು. ಬೋರಲು ಹಾಕಿದ ಬಿಸಿ ಮಡಕೆಯ ಮೇಲೆ ಕಬ್ಬಿನ ಹಾಲು, ಅಕ್ಕಿ ಹಿಟ್ಟು ಬಳಿದು ಎಬ್ಬಿಸುವ ಹಾಳೆ ಅದು. ಬೆರಳು ಸ್ವಲ್ಪ ಜೋರಾಗಿ ಒತ್ತಿದರೂ ಪುಡಿ. ದೊಡ್ಡ ಲಗೇಜಿಗೆ ಹಾಕುವ ಹಾಗೇ ಇಲ್ಲ. ಕೈಚೀಲದಲ್ಲೇ ಒಯ್ಯಬೇಕು, ಸೀಟಿನ ಮೇಲಿನ ಗೂಡಿನಲ್ಲಿ ಜಾಗ ಸಿಗಲೇಬೇಕು.

ವಿಮಾನಕ್ಕೆ ಎಲ್ಲರನ್ನೂ ಒಟ್ಟಿಗೆ ಹತ್ತಿಸುವುದಿಲ್ಲ, ಗುಂಪು ಗುಂಪಾಗಿ ಕರೆಯುತ್ತಾರೆ. ಮೊದಲ ಸಲ ನನ್ನ ಪಾಸ್ ಮೇಲೆ ಕೊನೆಯ ಗುಂಪಿನ ನಂಬರ್ ಇತ್ತು. ನಾನು ಎದ್ದು ನಿಲ್ಲಲು ಹೊರಟರೆ ನಮ್ಮನೆಯವರು, "ಎಂತಕ್ಕೆ ಗಡಿಬಿಡಿ? ಸೀಟು ಎಲ್ಲೂ ಹೋಗ್ತಿಲ್ಲೆ" ಅಂದರು. ಸೀಟು ಹೋಗಲಿಲ್ಲ, ನಿಜ. ಆದರೆ ಬಾಗಿಲಿಗೆ ಬರುವಷ್ಟರಲ್ಲಿ ಗೂಡುಗಳೆಲ್ಲ ತುಂಬಿದ್ದವು. ನನ್ನ ಚೀಲಕ್ಕೆ ಟ್ಯಾಗ್ ಕಟ್ಟಿ ಕೆಳಗೆ ಕಳಿಸಿದರು. ಡಬ್ಬ ತೆಗೆದುಕೊಳ್ಳಬೇಕು ಅಂತ ಹೊಳೆಯುವಷ್ಟರಲ್ಲಿ ಚೀಲ ಹೋಗಿಯೇ ಬಿಟ್ಟಿತ್ತು. ಊರು ಮುಟ್ಟಿದಾಗ ಮೂರು ದಿನದ ಕೆಲಸ ಪುಡಿಯಾಗಿತ್ತು. ಅವತ್ತೇ ಅರ್ಥವಾಯಿತು, ಬೋರ್ಡಿಂಗ್ ಗುಂಪು ಅನ್ನುವುದು ಸೀಟಿನ ಪ್ರಶ್ನೆಯಲ್ಲ, ಚೀಲದ ಪ್ರಶ್ನೆ. ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ ಇಲ್ಲಿ ಗೂಡು ಹಿಡಿಯುತ್ತಾರೆ.

ಆಮೇಲೆ ಬೇರೆ ಬೇರೆ ದಾರಿ ಹಿಡಿದು ನೋಡಿದೆ.

ಮುಂದಿನ ಸಲ ಕಂಡ ಸುಲಭದ ದಾರಿ ದುಡ್ಡು ಕೊಡುವುದು. ಬುಕ್ ಮಾಡುವಾಗಲೇ ಮೊದಲು ಹತ್ತುವ ಸೌಲಭ್ಯ ತೆಗೆದುಕೊಂಡೆ. ಗೇಟಿನಲ್ಲಿ ಮೊದಲು ಕರೆದರು, ಸಂತೋಷವಾಯಿತು. ಗೇಟಿನಾಚೆ ಬಸ್ ನಿಂತಿತ್ತು. ಮೊದಲು ಹತ್ತಿದ ನಾವು ಬಸ್ಸಿನ ಒಳಗೊಳಗೆ ಸರಿದೆವು. ಹಿಂದೆಯೇ ಉಳಿದವರೂ ತುಂಬಿಕೊಂಡರು. ವಿಮಾನದ ಹತ್ತಿರ ಬಾಗಿಲು ತೆರೆದಾಗ ಕೊನೆಗೆ ಹತ್ತಿದವರೇ ಮೊದಲು ಇಳಿದರು, ಮೊದಲು ಮೆಟ್ಟಿಲೇರಿದರು. ಗೇಟಿನಿಂದ ನೇರ ವಿಮಾನದ ಬಾಗಿಲಿಗೇ ನಡೆದು ಹೋಗುವ ಸೇತುವೆ, ಅಂದರೆ ಏರೋಬ್ರಿಡ್ಜ್ ಇರುವ ಕಡೆ ಈ ದುಡ್ಡಿಗೆ ಬೆಲೆ ಇದೆ, ಅದನ್ನೂ ಇನ್ನೊಂದು ಪ್ರಯಾಣದಲ್ಲಿ ಕಂಡಿದ್ದೇನೆ. ಆದರೆ ಬಸ್ಸೋ ಬ್ರಿಡ್ಜೋ ಅನ್ನುವುದು ಟಿಕೆಟ್ ತೆಗೆಯುವಾಗ ನಮಗೆ ತಿಳಿಯುವುದಿಲ್ಲವಲ್ಲ. ಬಸ್ ಅಂತ ಕಂಡರೆ ಈಗ ಬಾಗಿಲ ಪಕ್ಕವೇ ನಿಲ್ಲುತ್ತೇನೆ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಸೀಟನ್ನೇ ಲೆಕ್ಕ ಹಾಕಿ ಆರಿಸುವುದು. ಸೀಟು ಯಾವುದು ಅನ್ನುವುದರ ಮೇಲೆಯೇ ಎಷ್ಟೋ ಕಡೆ ಗುಂಪು ನಿರ್ಧಾರವಾಗುತ್ತದೆ. ನಮ್ಮ ದೇಶದೊಳಗೆ ನಾನು ಹತ್ತಿದ ದೊಡ್ಡ ವಿಮಾನಗಳಲ್ಲಿ ಹೆಚ್ಚಾಗಿ ಹಿಂದಿನ ಸಾಲುಗಳನ್ನು ಮೊದಲು ಕರೆಯುತ್ತಾರೆ. ಹಾಗಾಗಿ ಯಾರಿಗೂ ಬೇಡದ ಹಿಂದಿನ ಸೀಟು ನನಗೆ ಬೇಕು. ಇಳಿಯುವಾಗ ತಡ, ಅದು ಹೌದು. ಡಬ್ಬ ಕ್ಷೇಮವಾಗಿದ್ದರೆ ಕಾಲು ಗಂಟೆ ತಡವಾದರೂ ನನಗೆ ಬೇಸರವಿಲ್ಲ.

ಅಮೆರಿಕದಲ್ಲಿ ಯುನೈಟೆಡ್ ವಿಮಾನ ಹತ್ತಿದಾಗ ಲೆಕ್ಕವೇ ಬೇರೆ. ಅವರು 2023ರ ಅಕ್ಟೋಬರ್ 26ರಿಂದ ಎಕಾನಮಿಯಲ್ಲಿ ಕಿಟಕಿಯವರು ಮೊದಲು, ಆಮೇಲೆ ನಡುವಿನವರು, ಕೊನೆಗೆ ದಾರಿ ಬದಿಯವರು ಅನ್ನುವ ಕ್ರಮ ತಂದಿದ್ದಾರೆ. ಕಿಟಕಿ ಅಂದರೆ 3ನೇ ಗುಂಪು, ನಡುವಿನದು 4, ದಾರಿ ಬದಿ 5. ತೀರ ಅಗ್ಗದ ಬೇಸಿಕ್ ಟಿಕೆಟ್ 6. ಒಂದೇ ಬುಕಿಂಗಿನಲ್ಲಿರುವ ಮನೆಯವರು ಒಟ್ಟಿಗೇ ಹತ್ತಬಹುದು. ಒಬ್ಬರಿಗೆ ಕಿಟಕಿ ಇದ್ದರೆ ಪಕ್ಕದವರೂ ಅವರ ಜೊತೆಗೇ. ನಾನು ಕಿಟಕಿ ತೆಗೆದುಕೊಂಡೆ, ನಮ್ಮನೆಯವರೂ ನನ್ನ ಜೊತೆ ಬಂದರು, ಡಬ್ಬ ತಲೆ ಮೇಲೆಯೇ ಕೂತಿತು. ಕೂತವರನ್ನು ಎಬ್ಬಿಸಿ ಒಳಗೆ ಹೋಗುವ ಮುಜುಗರವೂ ಇಲ್ಲ.

ಈ ಕ್ರಮ ಸುಮ್ನೆ ಬಂದದ್ದಲ್ಲ. ಜೇಸನ್ ಸ್ಟೆಫೆನ್ ಅನ್ನುವ ಭೌತವಿಜ್ಞಾನಿ 12 ಸಾಲಿನ ನಕಲಿ ವಿಮಾನದಲ್ಲಿ 72 ಜನರನ್ನು ಹತ್ತಿಸಿ ಅಳೆದಿದ್ದಾರೆ. ಹಿಂದಿನಿಂದ ಮುಂದಕ್ಕೆ ಕೆಲವು ಸಾಲುಗಳ ಗುಂಪು ಮಾಡಿ ಕರೆದಾಗ 6 ನಿಮಿಷ 54 ಸೆಕೆಂಡ್ ಹಿಡಿಯಿತು. ಯಾರು ಹೇಗೆ ಬೇಕಾದರೂ ಹತ್ತಿ ಅಂದಾಗ 4 ನಿಮಿಷ 44. ಕಿಟಕಿ ಮೊದಲು ಅಂದಾಗ 4 ನಿಮಿಷ 13. ಅವರದೇ ಲೆಕ್ಕದ ಕ್ರಮ ಇನ್ನೂ ಬೇಗ, 3 ನಿಮಿಷ 36. ಸಾಲು ಸಾಲಾಗಿ ಕರೆಯುವುದು ಶಿಸ್ತಿನದು ಅಂತ ಅನಿಸುತ್ತದೆ, ಅಲ್ವಾ? ಆದರೆ ಅಕ್ಕಪಕ್ಕದ ಸಾಲಿನವರೆಲ್ಲ ಒಂದೇ ಜಾಗದಲ್ಲಿ ನಿಂತು ಚೀಲ ಎತ್ತಲು ಶುರು ಮಾಡಿದರೆ ಹಿಂದಿನವರು ಸುಮ್ಮನೆ ಕಾಯಬೇಕು. ಜನ ವಿಮಾನದ ಉದ್ದಕ್ಕೂ ಹರಡಿದ್ದರೆ ಹತ್ತಾರು ಕೈ ಒಟ್ಟಿಗೆ ಕೆಲಸ ಮಾಡುತ್ತವೆ. ದೊಡ್ಡ ಮನೆ ಮದುವೆಯಲ್ಲಿ ಬಡಿಸುವವರನ್ನು ಒಂದೇ ಪಂಕ್ತಿಗೆ ನುಗ್ಗಿಸದೆ ಎಲ್ಲ ಪಂಕ್ತಿಗೂ ಹಂಚುವುದು ಇದಕ್ಕೇ.

ಸೌತ್‌ವೆಸ್ಟ್ ವಿಮಾನದಲ್ಲಿ ನಾನು ಹೋದಾಗ ಸೀಟು ನಂಬರೇ ಇರಲಿಲ್ಲ. ಎ, ಬಿ, ಸಿ ಅಂತ ಗುಂಪು, ಗುಂಪಿನೊಳಗೆ ನಂಬರ್. ಗೇಟಿನ ಪಕ್ಕದ ಕಂಬಗಳ ಮೇಲೆ ನಂಬರ್ ಬರೆದಿರುತ್ತಿತ್ತು. ನಮ್ಮ ನಂಬರಿನ ಕಂಬದ ಹತ್ತಿರ ನಿಲ್ಲುವುದು, ಒಳಗೆ ಹೋಗಿ ಖಾಲಿ ಕಂಡಲ್ಲಿ ಕೂರುವುದು. ವಿಮಾನ ಹೊರಡುವುದಕ್ಕೆ 24 ಗಂಟೆ ಮೊದಲು ಚೆಕ್‌ಇನ್ ತೆರೆದ ಕೂಡಲೇ ಮಾಡಿದವರಿಗೆ ಒಳ್ಳೆಯ ನಂಬರ್. ಮಗಳು ಅಲಾರಾಂ ಇಟ್ಟು ಮಾಡಿಕೊಟ್ಟಿದ್ದಳು. ನೂಕುನುಗ್ಗಲು ಇರಲೇ ಇಲ್ಲ, ನನಗೆ ಅದು ತುಂಬಾ ಹಿಡಿಸಿತ್ತು. 2026ರ ಜನವರಿ 27ರಿಂದ ಅದನ್ನು ಬಿಟ್ಟು ಅವರೂ ಸೀಟು ಗೊತ್ತು ಮಾಡಿ ಕೊಡುತ್ತಿದ್ದಾರೆ.

ಕೊನೆಗೆ ಹತ್ತುವುದೂ ಒಂದು ಆಯ್ಕೆಯೇ. ಕೈಯಲ್ಲಿ ಸಣ್ಣ ಪರ್ಸ್ ಮಾತ್ರ ಇದ್ದಾಗ ಅದೇ ಸುಖ. ಕೂತುಕೊಂಡು ಕಾಯಿರಿ, ಕೊನೆಯ ಕರೆಗೆ ಸ್ವಲ್ಪ ಮೊದಲು ಏಳಿರಿ. ಅತ್ತೆಯವರ ಜೊತೆ ಗಾಲಿಕುರ್ಚಿಯಲ್ಲಿ ಹೋದಾಗ ಮಾತ್ರ ಗುಂಪಿನ ಮಾತೇ ಬರಲಿಲ್ಲ. ಎಲ್ಲರಿಗಿಂತ ಮೊದಲು ಹತ್ತಿಸಿದರು, ಎಲ್ಲರಿಗಿಂತ ಕೊನೆಗೆ ಇಳಿಸಿದರು. ಮುಂದಿನ ವಿಮಾನಕ್ಕೆ ಸಮಯ ಜಾಸ್ತಿ ಇಟ್ಟುಕೊಳ್ಳಬೇಕು.

ನಮ್ಮೂರಿಂದ ಹತ್ತಿರವಾಗುವುದು ಹುಬ್ಬಳ್ಳಿ, ಸುಮಾರು 100 ಕಿಲೋಮೀಟರ್. ಅಲ್ಲಿಂದ ಬೆಂಗಳೂರಿಗೆ ರೆಕ್ಕೆಗೆ ಫ್ಯಾನು ಇರುವ ಎಟಿಆರ್ ಅನ್ನುವ ಸಣ್ಣ ವಿಮಾನ ಸಿಕ್ಕಿದರೆ, ಹಿಂದಿನ ಸೀಟಿನವರು ತಡವಾಗಿ ಇಳಿಯುತ್ತಾರೆ ಅಂತ ಮೇಲೆ ಹೇಳಿದ ಲೆಕ್ಕ ತಿರುಗಿಸಿಕೊಳ್ಳಿ. ಅದರಲ್ಲಿ ಜನ ಹತ್ತುವುದು ಹಿಂದಿನ ಬಾಗಿಲಿನಿಂದ, ಮುಂದೆ ಸಾಮಾನಿನ ಜಾಗ. ಕೊನೆಯ ಸಾಲು ತೆಗೆದುಕೊಂಡರೆ ಬಾಗಿಲು ಪಕ್ಕದಲ್ಲೇ, ಇಳಿಯುವುದೂ ಬೇಗ. ಆದರೆ ಗೂಡುಗಳು ಚಿಕ್ಕವು. ಗಾಲಿ ಇರುವ ಗಟ್ಟಿ ಚೀಲ ಅದರೊಳಗೆ ಹೋಗುವುದು ಕಷ್ಟ. ಈಗ ನಾನು ತೊಡದೇವಿನ ಡಬ್ಬವನ್ನು ಚೀಲದ ತಳಕ್ಕೆ ಹಾಕುವುದಿಲ್ಲ. ಬೇರೆಯೇ ಬಟ್ಟೆಯಲ್ಲಿ ಸುತ್ತಿ ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಚೀಲಕ್ಕೆ ಟ್ಯಾಗ್ ಕಟ್ಟಲು ಬಂದರೆ ಒಂದೇ ಕ್ಷಣದಲ್ಲಿ ಡಬ್ಬ ನನ್ನ ಕೈಗೆ ಬರಬೇಕು.